ಐದು ಚರಣದ ಹಿಟ್ಟು

ಹಿಟ್ಟಿಗೆ ಬೆರೆಸುವ ನೀರು ಹೇಗಿರಬೇಕೆಂದು ಯಾರು ಕೇಳಿದರೂ ನಮ್ಮ ಬೀದಿಯ ಬೇಕರಿಯವರು ಕೊಡುತ್ತಿದ್ದ ಉತ್ತರ ಒಂದೇ: "ಉಗುರುಬೆಚ್ಚಗಿರಬೇಕು." ಹೇಳಿ ಹೇಳಿ ಆ ಮಾತು ಅವರ ನಾಲಿಗೆಯ ಮೇಲೆ ಮನೆ ಮಾಡಿಕೊಂಡಿತು. "ಹೇಗಿದ್ದೀರಣ್ಣ?" ಎಂದರೆ "ಉಗುರುಬೆಚ್ಚಗಿದೀನಿ" ಎನ್ನುವರು. "ವ್ಯಾಪಾರ ಹೇಗೆ?" ಎಂದರೆ "ಉಗುರುಬೆಚ್ಚಗೆ ನಡೀತಿದೆ" ಎನ್ನುವರು. ಹೀಗಾಗಿ ಬೀದಿಯವರಿಗೆಲ್ಲ ಅವರು ಬೆಚ್ಚಗಣ್ಣ ಆದರು. ಅವರ ಹೆಂಡತಿಗೆ ಹಾಡಕ್ಕ ಎಂಬ ಹೆಸರು ಬಂದುದಕ್ಕೆ ಇಷ್ಟು ವಿವರಣೆ ಬೇಡ. ಆಕೆ ಹಾಡುತ್ತಿದ್ದರು, ಅಷ್ಟೇ.

ಬೇಕರಿ ಇದ್ದದ್ದು ಗಡಿಯಾರ ರಿಪೇರಿಯವನ ಅಂಗಡಿಗೂ ಚಪ್ಪಲಿ ಹೊಲಿಯುವವನ ಕಟ್ಟೆಗೂ ನಡುವೆ. ಮುಂದೆ ಗಾಜಿನ ಪೆಟ್ಟಿಗೆ, ಅದರ ಹಿಂದೆ ಎತ್ತರದ ಒಂದು ಸ್ಟೂಲು, ಸ್ಟೂಲಿನ ಹಿಂದೆ ತಗ್ಗಾದ ಬಾಗಿಲು. ತಲೆ ಬಗ್ಗಿಸಿ ಒಳಹೊಕ್ಕರೆ ಭಟ್ಟಿಮನೆ. ಅಲ್ಲಿ ಇಟ್ಟಿಗೆಯ ದೊಡ್ಡ ಭಟ್ಟಿ, ಸೌದೆಯ ರಾಶಿ, ಹಿಟ್ಟು ನಾದುವ ಮರದ ಮರಿಗೆ, ರೊಟ್ಟಿಯನ್ನು ಬೆಂಕಿಯ ಬಾಯಿಗೆ ತಳ್ಳುವ ಉದ್ದ ಹಿಡಿಯ ಹಲಗೆ. ಭಟ್ಟಿ ಎಂದೂ ಪೂರ್ತಿ ಆರುತ್ತಿರಲಿಲ್ಲ. ಒಮ್ಮೆ ತಣ್ಣಗಾಯಿತೆಂದರೆ ಇಟ್ಟಿಗೆ ಬಿರುಕು ಬಿಡುತ್ತದೆ, ಮತ್ತೆ ಹದಕ್ಕೆ ತರಬೇಕಾದರೆ ಜೀವ ಹೋಗುತ್ತದೆ ಎನ್ನುತ್ತಿದ್ದರು. ಅಂಗಡಿ ಮುಚ್ಚಿದ ದಿನವೂ ಒಂದು ಕೊರಡನ್ನು ಒಳಗೆ ನೂಕಿ, ಬೂದಿ ಮುಚ್ಚಿ, ಕೆಂಡವನ್ನು ಉಳಿಸಿಕೊಳ್ಳುತ್ತಿದ್ದರು.

ಶಾಲೆಗೆ ಹೋಗುವ ದಾರಿಯಲ್ಲಿ ನಾನು ಅಲ್ಲಿ ಒಂದು ಬನ್ನು ಕೊಳ್ಳುತ್ತಿದ್ದೆ. "ಮೇಷ್ಟ್ರೇ, ನಿಮ್ಮ ಕೈಯೂ ಬಿಳಿ, ನನ್ನ ಕೈಯೂ ಬಿಳಿ. ಆದ್ರೆ ನಿಮ್ಮದನ್ನ ತಿನ್ನೋಕಾಗಲ್ಲ" ಎಂದು ನನ್ನ ಸೀಮೆಸುಣ್ಣವನ್ನು ಅವರು ಹಾಸ್ಯ ಮಾಡುವರು. ಕೂಡಲೇ ಒಳಗಿನಿಂದ ಹಾಡಕ್ಕ ನನ್ನ ಪಕ್ಷ ವಹಿಸುವರು: "ನಿಮ್ಮದನ್ನ ತಿಂದೋರು ಮಧ್ಯಾಹ್ನಕ್ಕೆ ಮರೀತಾರೆ. ಮೇಷ್ಟ್ರ ಏಟು ಸಾಯೋವರೆಗೂ ನೆನಪಿರತ್ತೆ. ಸುಮ್ನಿರಿ." ಇದು ಹೊಗಳಿಕೆಯೋ ತೆಗಳಿಕೆಯೋ ಎಂದು ನಾನು ಶಾಲೆಯ ಗೇಟಿನವರೆಗೂ ಯೋಚಿಸಿಕೊಂಡು ಹೋಗುತ್ತಿದ್ದೆ. ಅವರಿಗೆ ಮಕ್ಕಳಿರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಒಬ್ಬರನ್ನೊಬ್ಬರು ಕೆಣಕುತ್ತಾ, ಕೆಣಕಿದ್ದಕ್ಕೆ ನಗುತ್ತಾ, ಆ ಎರಡು ಕೋಣೆಗಳನ್ನು ಅವರಿಬ್ಬರೇ ತುಂಬಿಬಿಟ್ಟಿದ್ದರು.

ನಮ್ಮ ಚರ್ಚಿನಲ್ಲಿ ಪ್ರತಿ ಭಾನುವಾರ, ಯೇಸುವಿನ ನೆನಪಿಗೆ ರೊಟ್ಟಿ ಮುರಿದು ಹಂಚುವ ಪ್ರಭುಭೋಜನದ ಸಂಸ್ಕಾರ ನಡೆಯುತ್ತದೆ. ಅದಕ್ಕೆ ಬೇಕಾದ ರೊಟ್ಟಿ ಬೆಚ್ಚಗಣ್ಣನ ಭಟ್ಟಿಯಿಂದಲೇ ಬರಬೇಕು. ದುಂಡನೆಯ, ಸಿಹಿಯಿಲ್ಲದ, ದೊಡ್ಡ ರೊಟ್ಟಿ. ಮೇಲೆ ಚಾಕುವಿನಿಂದ ಗೀರಿದ ಶಿಲುಬೆಯ ಗುರುತು. ಶನಿವಾರ ಮಧ್ಯಾಹ್ನ, ಮಾರಾಟದ ಬ್ರೆಡ್ಡು ಬನ್ನುಗಳೆಲ್ಲ ಮುಗಿದು ಭಟ್ಟಿಯ ಶಾಖ ಹದಕ್ಕೆ ಇಳಿದ ಮೇಲೆ ಅದರ ಸರದಿ. ಆ ಹಿಟ್ಟನ್ನು ಎಷ್ಟು ಹೊತ್ತು ನಾದಬೇಕು ಎಂಬುದನ್ನು ತಿಳಿಯಲು ಅವರ ಬಳಿ ಗಡಿಯಾರವಿರಲಿಲ್ಲ, ಕೀರ್ತನೆಯಿತ್ತು.

ಬೆಚ್ಚಗಣ್ಣನ ಕೈ ಮರಿಗೆಗೆ ಇಳಿದೊಡನೆ ಹಾಡಕ್ಕ ಸ್ಟೂಲಿನ ಮೇಲೆ ಕುಳಿತು ಆರಂಭಿಸುವರು. ದಣಿದವನ ಪಕ್ಕದಲ್ಲಿ ತಾನೂ ನಿಧಾನವಾಗಿ ನಡೆಯುವ ದೇವರನ್ನು ಕುರಿತ ಐದು ಚರಣದ ಕೀರ್ತನೆ ಅದು. ಮೊದಲ ಚರಣಕ್ಕೆ ಹಿಟ್ಟು ಬೆರಳಿಗೆಲ್ಲ ಅಂಟಿಕೊಂಡು ಹಟ ಮಾಡುತ್ತದೆ. ಎರಡನೆಯದಕ್ಕೆ ಮರಿಗೆಯ ಅಂಚು ಬಿಡುತ್ತದೆ. ಮೂರನೆಯದಕ್ಕೆ ತೋಳು ನೋಯತೊಡಗುತ್ತದೆ. ನಾಲ್ಕನೆಯದಕ್ಕೆ ಹಿಟ್ಟು ಹೇಳಿದ ಮಾತು ಕೇಳುತ್ತದೆ. ಐದನೆಯದು ಮುಗಿಯುವ ಹೊತ್ತಿಗೆ ಅದು ಹಸುಗೂಸಿನ ಕಿವಿಹಾಲೆಯಷ್ಟು ಮೆತ್ತಗಾಗಿರಬೇಕು, ಆಗಿರುತ್ತಿತ್ತು. ಆಮೇಲೆ ಬೆಚ್ಚಗಣ್ಣ ಕಣ್ಣು ಮುಚ್ಚಿ ಮನಸ್ಸಿನಲ್ಲೇ ಒಂದು ಪ್ರಾರ್ಥನೆ ಹೇಳಿ, ಹಿಟ್ಟನ್ನು ಉಬ್ಬಲು ಬಿಡುವರು. ಅವರು ತಾವಾಗಿ ಹಾಡುತ್ತಿರಲಿಲ್ಲ. ಎಂದೋ ಒಮ್ಮೆ ದನಿ ಸೇರಿಸಲು ಹೋದಾಗ ಹಾಡಕ್ಕ ತಡೆದಿದ್ದರಂತೆ: "ಬೀಸೋ ಕಲ್ಲಿನ ಗಂಟಲು ರೀ ನಿಮ್ಮದು. ಹಿಟ್ಟು ಹೆದರಿಕೊಂಡು ಉಬ್ಬೋದೇ ಇಲ್ಲ. ನೀವು ಕೈ ಆಡಿಸಿ, ಬಾಯಿ ನನಗೆ ಬಿಡಿ."

ಸಂಜೆ ಆ ರೊಟ್ಟಿಯನ್ನು ಒಯ್ಯಲು ಗಂಟೆ ತಾತ ಬರುತ್ತಿದ್ದರು. ಚರ್ಚಿನ ಗಂಟೆ ಹೊಡೆಯುವ ಈ ಮುದುಕರು ಗೋಪುರದ ಬುಡದ ಕೋಣೆಯಲ್ಲಿ ಒಬ್ಬರೇ ಇದ್ದರು. ಕೀರ್ತನೆ ಹಾಡುವಾಗ ಅವರು ಇಡೀ ಸಭೆಗಿಂತ ಒಂದು ಸಾಲು ಹಿಂದೆ. ನಾವೆಲ್ಲ ಆಮೆನ್ ಹೇಳಿ ಕುಳಿತ ಮೇಲೂ ಅವರ ಕೊನೆಯ ಸಾಲು ಹಿಂದಿನ ಬೆಂಚಿನಿಂದ ಬಿಡುವಾಗಿ ನಡೆದುಕೊಂಡು ಬರುತ್ತಿತ್ತು. ಯಾರಾದರೂ ಕೆಣಕಿದರೆ, "ನೀವು ಓಡ್ತೀರಿ. ದೇವರಿಗೇನು ಬಸ್ಸು ತಪ್ಪಿಹೋಗತ್ತಾ?" ಎಂದು ಬಾಯಿ ಮುಚ್ಚಿಸುವರು.

ಹಾಡಕ್ಕನಿಗೆ ಉಸಿರಿನ ಕಾಯಿಲೆ ಬಂತು. ಮಂಚವನ್ನು ಭಟ್ಟಿಯ ಬೆಚ್ಚನೆಯ ಗೋಡೆಗೆ ಒತ್ತಿ ಹಾಕಿಸಿದರು. ಶನಿವಾರ ಬೆಚ್ಚಗಣ್ಣ ಮರಿಗೆಯನ್ನು ಮಂಚದ ಪಕ್ಕಕ್ಕೇ ಎಳೆದುಕೊಂಡು ಬಂದು ನಾದುವರು. ಐದು ಚರಣ ಮೂರಾಯಿತು. ಮೂರು ಒಂದಾಯಿತು. "ಅವಳ ಉಸಿರು ಮುಗಿಯೋದರೊಳಗೆ ಹಿಟ್ಟು ಹದಕ್ಕೆ ಬರಬೇಕು ಅಂತ, ಒಂದೇ ಚರಣದಲ್ಲಿ ಐದರ ಕೆಲಸ ಮುಗಿಸೋಕೆ ನೋಡ್ತಿದ್ದೆ ಮೇಷ್ಟ್ರೇ. ಮೈಯಲ್ಲಿದ್ದ ಬಲವನ್ನೆಲ್ಲ ಹಾಕ್ತಿದ್ದೆ" ಎಂದು ಮುಂದೊಮ್ಮೆ ಹೇಳಿದರು. ಕೊನೆಯ ಶನಿವಾರ ಆಕೆಯ ತುಟಿಗಳು ಮಾತ್ರ ಅಲುಗಿದವು. ಆ ತುಟಿಗಳನ್ನೇ ನೋಡುತ್ತಾ ಅವರು ನಾದಿದರು.

ಹಾಡಕ್ಕನನ್ನು ಮಣ್ಣು ಮಾಡಿದ ವಾರವೂ ರೊಟ್ಟಿ ತಪ್ಪಲಿಲ್ಲ. ಬೇಡವೆಂದರೂ ಬೆಚ್ಚಗಣ್ಣ ಕೇಳಲಿಲ್ಲ. ಮರಿಗೆಗೆ ಕೈ ಇಳಿಸಿದರು. ಭಟ್ಟಿಯೊಳಗೆ ಕೆಂಡ ಚಟಪಟ ಎನ್ನುತ್ತಿತ್ತು. ಅದು ಬಿಟ್ಟರೆ ಬೇರೆ ಸದ್ದಿಲ್ಲ. ನಾದಿದರು, ನಾದಿದರು, ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ಹೋಯಿತು. ಭಾನುವಾರ ಕಳೆದ ಮೇಲೆ ಪಕ್ಕದ ಅಂಗಡಿಗೆ ಹೋಗಿ ಒಂದು ಗೋಡೆ ಗಡಿಯಾರ ಕೇಳಿದರು.

"ಏನಣ್ಣ, ಗೋಡೆಗೆ ಗೋಡೆ ಒತ್ತಿಕೊಂಡು ಇಷ್ಟು ವರ್ಷ ಇದ್ದೀವಿ. ಒಂದು ದಿನ ಟೈಮ್ ಎಷ್ಟು ಅಂತ ಕೂಡ ಕೇಳಿದೋರಲ್ಲ ನೀವು" ಎಂದ ಗಡಿಯಾರದವನು.

"ಆಗ ಬೇಕಾಗಿರಲಿಲ್ಲ."

ಗಡಿಯಾರದವನು ತಾನೇ ಬಂದು ಮೊಳೆ ಹೊಡೆದು ತೂಗುಹಾಕಿಕೊಟ್ಟು ಹೋದ.

ಆಮೇಲಿನ ದಿನಗಳನ್ನು ನೆನೆದರೆ ನನ್ನ ಕಣ್ಣ ಮುಂದೆ ಬರುವುದು ಆ ತಗ್ಗು ಬಾಗಿಲು. ಅಂಗಡಿಗೆ ಬಂದ ಗಿರಾಕಿ ಏನಾದರೂ ತಮಾಷೆ ಮಾಡಿದರೆ ಬೆಚ್ಚಗಣ್ಣ ನಕ್ಕು, ಅದನ್ನು ಒಳಗೆ ಹೇಳಬೇಕೆಂದು ತಟ್ಟನೆ ತಿರುಗುವರು. ಬಾಗಿಲಲ್ಲಿ ತಲೆ ಬಗ್ಗಿಸುವರು. ಬಗ್ಗಿಸಿದವರು ಹಾಗೆಯೇ ನಿಂತುಬಿಡುವರು. ಸಂಜೆ ಟೀ ಮಾಡಿ ಎರಡು ಲೋಟಕ್ಕೆ ಬಗ್ಗಿಸಿ, ಎರಡನೆಯದನ್ನು ಮತ್ತೆ ಪಾತ್ರೆಗೆ ಸುರಿಯುವುದನ್ನು ನಾನೇ ನೋಡಿದ್ದೇನೆ. ನೋಡಿಯೂ ನೋಡದವನಂತೆ ಬನ್ನಿನ ಬೆಲೆ ಕೇಳಿದೆ. ಅವರ ಮಾತು ಕಡಿಮೆಯಾಗುತ್ತಾ ಬಂತು. "ಹೇಗಿದ್ದೀರಣ್ಣ?" ಎಂದರೆ "ಇದೀನಿ" ಎನ್ನುವರು. ಉಗುರುಬೆಚ್ಚಗೆ ಎಂಬ ಮಾತು ಆ ಬೀದಿಯಿಂದಲೇ ಎದ್ದುಹೋಯಿತು.

ಮೈಯ ದಣಿವಾದರೆ ನಿದ್ದೆಯಲ್ಲಿ ಇಳಿಯುತ್ತದೆ. ಅವರದು ಹಾಗೆ ಇಳಿಯುವ ದಣಿವಾಗಿರಲಿಲ್ಲ. ಚರ್ಚಿಗೆ ಬಂದು ಕಂಬದ ಮರೆಯ ಕೊನೆಯ ಬೆಂಚಿನಲ್ಲಿ ಕೂರುವರು. ಪ್ರಭುಭೋಜನದ ವೇಳೆ ಎಲ್ಲರೂ ಎದ್ದು ಪೀಠದ ಮುಂದಿನ ಕಟಾಂಜನದ ಬಳಿಗೆ ಹೋಗಿ ಮೊಣಕಾಲೂರಿ ಕೈ ಚಾಚುವಾಗ ಅವರು ಮಾತ್ರ ಏಳುತ್ತಿರಲಿಲ್ಲ. ನಮ್ಮ ಕಣ್ಣಿಗೆ ಅದು ಬೀಳಲಿಲ್ಲ. ಗಂಟೆ ತಾತನ ಕಣ್ಣಿಗೆ ಬಿತ್ತು. ರೊಟ್ಟಿ ಒಯ್ಯಲು ಬಂದ ಒಂದು ಶನಿವಾರ ಅವರು ಕೇಳಿಯೇಬಿಟ್ಟರು.

"ಏನಯ್ಯ, ಮುಂದಕ್ಕೆ ಬರೋದೇ ಬಿಟ್ಟಿದೀಯಲ್ಲ?"

"ಮೊಣಕಾಲು ನೋವು ತಾತ."

"ಬಸ್ ಸ್ಟ್ಯಾಂಡಿನವರೆಗೆ ಬ್ರೆಡ್ಡಿನ ಬುಟ್ಟಿ ಹೊತ್ಕೊಂಡು ಹೋಗ್ತೀಯ. ಆ ಮೊಣಕಾಲು ಬೇರೆಯವರದಾ?"

ಬೆಚ್ಚಗಣ್ಣ ರೊಟ್ಟಿಯನ್ನು ಬಿಳಿಯ ಬಟ್ಟೆಯಲ್ಲಿ ಸುತ್ತಿ ಅವರ ಕೈಗಿಟ್ಟು, "ಬಿಸಿ ಇದೆ, ನೋಡ್ಕೊಂಡು ಹೋಗಿ" ಎಂದರು.

ನಿಜ ಸಂಗತಿ ಹೊರಬಿದ್ದದ್ದು ಅಯ್ಯನವರು ಬೇಕರಿಗೆ ಬಂದ ದಿನ. ನಮ್ಮ ಚರ್ಚಿನ ಸಭಾಪಾಲಕರಾದ ಅವರು ಆಗಿನ್ನೂ ಚಿಕ್ಕ ವಯಸ್ಸಿನವರು. ಮಾತಿಗಿಂತ ಹೆಚ್ಚಾಗಿ ಕನ್ನಡಕ ಒರೆಸಿಕೊಳ್ಳುವ ಸ್ವಭಾವ. ನಾನು ಗಾಜಿನ ಪೆಟ್ಟಿಗೆಯ ಮುಂದೆ ನಿಂತಿದ್ದೆ. ಬೆಚ್ಚಗಣ್ಣ ಯಾವ ಪೀಠಿಕೆಯೂ ಇಲ್ಲದೆ ಹೇಳಿದರು:

"ಈ ಭಾನುವಾರದಿಂದ ರೊಟ್ಟಿಗೆ ಬೇರೆ ಕಡೆ ನೋಡ್ಕೊಳ್ಳಿ ಅಯ್ಯನವರೇ. ಭಟ್ಟಿ ಆರಿಸ್ತೀನಿ. ಅಂಗಡಿ ಮುಚ್ತೀನಿ."

"ಯಾಕಣ್ಣ? ಮೈಗೆ ಹುಷಾರಿಲ್ವಾ?"

"ಮೈಗೇನೂ ಆಗಿಲ್ಲ." ಅವರು ಗಾಜಿನ ಮೇಲಿನ ಚೂರುಗಳನ್ನು ಅಂಗೈಯಿಂದ ಒಂದು ಕಡೆಗೆ ಗುಡಿಸಿದರು. "ನಿಮಗೊಂದು ಮಾತು ಹೇಳ್ಬೇಕು. ಅವಳು ಹೋದ ಮೇಲೆ ನಾನು ಆ ಹಿಟ್ಟಿನ ಮೇಲೆ ಪ್ರಾರ್ಥನೆ ಮಾಡಿಲ್ಲ. ಮೊದಮೊದಲು ಮರೆತೆ. ಆಮೇಲೆ ಬೇಕಂತಲೇ ಬಿಟ್ಟೆ, ಏನಾಗತ್ತೆ ನೋಡೋಣ ಅಂತ. ಹಾಡಿಲ್ಲ, ಪ್ರಾರ್ಥನೆ ಇಲ್ಲ, ಗಡಿಯಾರ ನೋಡ್ಕೊಂಡು ನಾದಿದ ಹಿಟ್ಟು. ಏನಾಯ್ತು? ಏನೂ ಆಗ್ಲಿಲ್ಲ. ಎಲ್ರೂ ತಿಂದ್ರಿ. ಯಾವಾಗಿನ ಹಾಗೇ ಕಣ್ಣೊರೆಸಿಕೊಂಡು ಹೋಗಿ ಕೂತ್ರಿ. ಒಬ್ಬರಿಗೂ ಗೊತ್ತಾಗ್ಲಿಲ್ಲ. ಹಾಗಾದ್ರೆ ಇಷ್ಟು ವರ್ಷ ಅವಳು ಹಾಡಿದ್ದು ಯಾರಿಗೆ? ಉಸಿರು ಕಟ್ಟಿಕೊಂಡು ಮಂಚದ ಮೇಲೆ ಹಾಡಿದ್ಲಲ್ಲ, ಅದು ಯಾರಿಗೆ?"

ಅಯ್ಯನವರು ಕನ್ನಡಕ ತೆಗೆದು ಒರೆಸಿದರು. ಆಮೇಲೆ ಕೇಳಿದರು: "ಮಧ್ಯಾಹ್ನ ಊಟ ಮಾಡಿದ್ರಾ?"

"ಅದಕ್ಕೂ ಇದಕ್ಕೂ ಏನು?"

"ಹಿಂದೆ ಒಬ್ಬ ಪ್ರವಾದಿ ಸೋತು ಸುಣ್ಣವಾಗಿ ಕಾಡಿನ ಒಂದು ಗಿಡದ ಕೆಳಗೆ ಬಿದ್ಕೊಂಡಿದ್ನಂತೆ. ಸಾಕು, ಪ್ರಾಣ ತಗೋ ಅಂತ ದೇವರಿಗೇ ಹೇಳಿದ. ದೇವರು ಬುದ್ಧಿ ಹೇಳ್ಲಿಲ್ಲ, ಗದರಲಿಲ್ಲ. ದೂತನ ಕೈಯಲ್ಲಿ ಒಂದು ರೊಟ್ಟಿ, ಒಂದು ತಂಬಿಗೆ ನೀರು ಕಳಿಸಿದ. ತಿಂದು ಅವನು ಮತ್ತೆ ಮಲಗಿದ. ದೂತ ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸಿದ. ದಾರಿ ದೂರ ಇದೆ ಅಂದ, ಅಷ್ಟೇ. ನೀವೂ ಅಷ್ಟೇ ಮಾಡಿ. ಭಟ್ಟಿ ಆರಿದ್ರೆ ಆರಲಿ. ಮಲಗಿ."

ಬೆಚ್ಚಗಣ್ಣನ ಮುಖದಲ್ಲಿ ಬಹಳ ದಿನಗಳ ಮೇಲೆ ನಗುವಿನಂಥದ್ದೇನೋ ಸುಳಿಯಿತು. "ಅವನಿಗೆ ದೇವದೂತ ಬಂದ. ನಮ್ಮ ಮನೆಗೆ ಬರೋದು ಗಂಟೆ ತಾತ" ಎಂದರು.

ಶುಕ್ರವಾರ ಸಂಜೆ ಅವರು ಭಟ್ಟಿಗೆ ಕೊರಡು ಹಾಕಲಿಲ್ಲ. ಕೆಂಡವನ್ನು ಹರಡಿ, ಭಟ್ಟಿಯ ಬಾಯಿ ಮುಚ್ಚುವ ತಗಡು ತೆಗೆದಿಟ್ಟು, ಹಾಡಕ್ಕನ ಮಂಚದ ಮೇಲೆ ಮಲಗಿದರು. ಗೋಡೆ ನಿಧಾನವಾಗಿ ತಣ್ಣಗಾಗುವುದು ಬೆನ್ನಿಗೆ ಗೊತ್ತಾಗುತ್ತಿತ್ತಂತೆ. ಎದ್ದು ಒಂದು ಸೌದೆ ಇಟ್ಟರೆ ಸಾಕಿತ್ತು. ಏಳಲಿಲ್ಲ.

ಭಟ್ಟಿ ಆರಿಸುವ ಸುದ್ದಿ ಕೇಳಿ ಶನಿವಾರ ಬೆಳಿಗ್ಗೆಯೇ ಬಂದ ಗಂಟೆ ತಾತ ಮುಚ್ಚಿದ ಬಾಗಿಲನ್ನು ತಟ್ಟಿ, ಕಿಟಕಿಯಿಂದ ಇಣುಕಿ, ಹೊದ್ದು ಮಲಗಿದ್ದವರನ್ನು ಕಂಡು, ಎಬ್ಬಿಸದೆ ಹಿಂದಿರುಗಿದರು. ಬಸ್ ಸ್ಟ್ಯಾಂಡಿನ ಅಂಗಡಿಯಿಂದ ಒಂದು ಬ್ರೆಡ್ಡು ತರಿಸೋಣ ಎಂದರು ಅಯ್ಯನವರು. ತಾತ ಕೆರಳಿದರು. "ಕವರಿನಲ್ಲಿ ಬಂದ ಬ್ರೆಡ್ಡಾ? ನಾನು ಬದುಕಿರೋವಾಗ? ಇಷ್ಟು ವರ್ಷ ಆ ಬಾಗಿಲಲ್ಲಿ ನಿಂತು ನೋಡಿಲ್ವಾ? ಹಿಟ್ಟು, ನೀರು, ಐದು ಚರಣ. ಅದರಲ್ಲೇನಿದೆ?"

ನನ್ನ ಮನೆ ಚರ್ಚಿನ ಹಿಂದೆ. ಮಧ್ಯಾಹ್ನ ಗೋಪುರದ ಕೋಣೆಯಿಂದ ಹಾಡು ಕೇಳಿಸಿತು. ಅದೇ ಕೀರ್ತನೆ, ಆದರೆ ಶವದ ಹಿಂದೆ ನಡೆಯುವವರ ಹೆಜ್ಜೆಯ ವೇಗದಲ್ಲಿ. ನಾನು ಬಟ್ಟೆ ಒಣಹಾಕಿದೆ, ಟೀ ಕುಡಿದೆ, ಒಂದು ಕೋಳಿನಿದ್ದೆಯನ್ನೂ ಮುಗಿಸಿದೆ. ಎದ್ದಾಗಲೂ ಹಾಡು ನಡೆದೇ ಇತ್ತು. ಏನೋ ಆಗಿರಬೇಕೆಂದು ಹೋಗಿ ನೋಡಿದರೆ, ತಾತ ನೆಲದ ಮೇಲೆ ಕಾಲು ಚಾಚಿ ಕುಳಿತು, ಸ್ನಾನದ ನೀರಿನ ಬೋಗುಣಿಯಲ್ಲಿ ಹಿಟ್ಟು ನಾದುತ್ತಿದ್ದಾರೆ. ಗಡ್ಡದಲ್ಲಿ ಹಿಟ್ಟು, ಹುಬ್ಬಿನಲ್ಲಿ ಹಿಟ್ಟು.

"ಏನು ತಾತ ಇದು?"

"ಮಾತಾಡಿಸಬೇಡಿ ಮೇಷ್ಟ್ರೇ. ಇನ್ನೂ ಮೂರನೇ ಚರಣ."

"ಇದು ಉಬ್ಬೋಕೆ ಏನೋ ಹಾಕ್ತಾರಲ್ಲ?"

"ಹಾಕಿದೀನಿ."

"ಏನು ಹಾಕಿದ್ರಿ?"

"ವಿಶ್ವಾಸ. ಈಗ ಬಾಗಿಲು ಮುಚ್ಕೊಂಡು ಹೋಗಿ, ಗಾಳಿ ಬರತ್ತೆ."

ಹಾಡಕ್ಕನ ಐದು ಚರಣಕ್ಕೆ ಮುಗಿಯುತ್ತಿದ್ದ ಕೆಲಸ ತಾತನ ಐದು ಚರಣಕ್ಕೆ ಇಡೀ ಮಧ್ಯಾಹ್ನವನ್ನು ನುಂಗಿತು. ಚರಣ ಅಷ್ಟು ಉದ್ದವಾದರೆ ಹಿಟ್ಟನ್ನೂ ಅಷ್ಟೂ ಹೊತ್ತು ನಾದಬೇಕೆಂದು ಅವರು ತಿಳಿದಿದ್ದರು. ನಡುವೆ ನಿಲ್ಲಿಸುವುದು ಅಪಚಾರವಲ್ಲವೇ! ಹಿಟ್ಟು ಗಾಳಿಗೆ ಒಣಗಿ ಚರ್ಮದಂತಾಯಿತು. ಬೆಚ್ಚಗಿರಲೆಂದು ಅಯ್ಯನವರ ನಿಲುವಂಗಿಯನ್ನು ತಂದು ಹೊದಿಸಿಟ್ಟರು. ಅದು ಮಿಸುಕಲಿಲ್ಲ. ಕೊನೆಗೆ ಪಾತ್ರೆಯಲ್ಲಿಟ್ಟು, ಮುಚ್ಚಳದ ಮೇಲೂ ಕೆಂಡ ಹಾಕಿ ಬೇಯಿಸಿದರು.

ಬೆಚ್ಚಗಣ್ಣ ಶನಿವಾರವೆಲ್ಲ ಮಲಗಿದ್ದರು. ನಡುವೆ ಎದ್ದು ನೀರು ಕುಡಿದದ್ದಷ್ಟೇ ನೆನಪು. ಅವರನ್ನು ಎಬ್ಬಿಸಿದ್ದು ಭಾನುವಾರ ಬೆಳಗಿನ ಗಂಟೆ. ಎಬ್ಬಿಸಿದ್ದು ಗಂಟೆಯ ಸದ್ದು ಎನ್ನುವುದಕ್ಕಿಂತ ಅದರ ನಡುವಿನ ಮೌನ ಎನ್ನಬೇಕು. ಢಣ್ ಎಂದು ಒಂದು ಏಟು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಮತ್ತೊಂದು ಏಟು, ಅರ್ಧದಲ್ಲೇ ಉಸಿರು ಬಿಟ್ಟ ಹಾಗೆ. ಮತ್ತೆ ಏನೂ ಇಲ್ಲ. ಉಸಿರು ಹೀಗೆ ತಡೆತಡೆದು ನಿಲ್ಲುವುದನ್ನು ಆ ಮಂಚದ ಪಕ್ಕದಲ್ಲಿ ಕುಳಿತು ಕೇಳಿದವರು ಅವರು. ತಾತ ಬಿದ್ದುಹೋಗಿದ್ದಾರೆ, ಹಗ್ಗ ಹಿಡಿದುಕೊಂಡೇ ಬಿದ್ದುಹೋಗಿದ್ದಾರೆ ಎಂದುಕೊಂಡರು. ಮುಖ ತೊಳೆಯದೆ, ಕಾಲಿಗೆ ಮನೆಯ ಹರಕು ಚಪ್ಪಲಿ ಮೆಟ್ಟಿಕೊಂಡು ಬೀದಿಯಲ್ಲಿ ಓಡಿದರು. ಬೆಚ್ಚಗಣ್ಣ ಓಡಿದ್ದನ್ನು ನಮ್ಮ ಬೀದಿ ಅದೇ ಮೊದಲು ಕಂಡದ್ದು.

ತಾತ ಬಿದ್ದಿರಲಿಲ್ಲ. ಗೋಪುರದ ಕೆಳಗೆ ಹಗ್ಗಕ್ಕೆ ಜೋತುಬಿದ್ದು ನಿಂತಿದ್ದರು. ತೋಳುಗಳು ಭುಜದಿಂದ ಮೇಲಕ್ಕೆ ಏಳುತ್ತಿರಲಿಲ್ಲ.

"ಏನಾಯ್ತು ತಾತ? ಎದೆ ನೋವಾ?"

"ಎದೆಗೇನಾಗತ್ತೆ? ಕೈ ಕಣಯ್ಯ, ಕೈ! ನಿನ್ನ ಕೆಲಸ ಮಾಡೋಕೆ ಹೋಗಿ ನನ್ನ ಕೆಲಸ ಕೆಟ್ಟಿತು. ಅದೇನು ಹಿಟ್ಟೋ ಏನು ಕರ್ಮವೋ! ಹಿಡಿ ಹಗ್ಗ."

ಇಬ್ಬರೂ ಸೇರಿ ಎಳೆದರು. ಮುದುಕನ ಕೆಮ್ಮಿನಂತೆ ಆರಂಭವಾದ ಅಂದಿನ ಗಂಟೆ ಮದುವೆಯ ಗಂಟೆಯಂತೆ ಮುಗಿಯಿತು ಎಂದು ಜನ ಆಮೇಲೆ ನಗುತ್ತಿದ್ದರು. ಹಗ್ಗ ಬಿಟ್ಟೊಡನೆ ಬೆಚ್ಚಗಣ್ಣ ಮನೆಗೆ ಹೊರಟರು. ತಾತ ತಡೆದರು.

"ಎಲ್ಲಿಗೆ?"

"ಚಪ್ಪಲಿ ನೋಡಿ ತಾತ. ಅಂಗಿ ನೋಡಿ."

"ಕೂತ್ಕೋ. ಇವತ್ತು ನಿನ್ನ ಚಪ್ಪಲಿ ಯಾರೂ ನೋಡಲ್ಲ. ಎಲ್ರೂ ನನ್ನ ರೊಟ್ಟಿ ನೋಡ್ತಾರೆ."

ಹಾಗೆಯೇ ಆಯಿತು. ಅಯ್ಯನವರು, ಹೆಗಲ ಮೇಲೆ ಹಿಟ್ಟಿನ ಗುರುತಿದ್ದ ನಿಲುವಂಗಿಯಲ್ಲಿ, ಮೇಜಿನ ಮೇಲಿನ ಬಿಳಿಯ ಬಟ್ಟೆಯನ್ನು ಸರಿಸಿದಾಗ ರಸ್ತೆಗೆ ಹಾಸುವ ಕಲ್ಲಿನಂಥದ್ದೊಂದು ಕಾಣಿಸಿತು. ಚಪ್ಪಟೆ, ಅಂಚು ಕಪ್ಪು. ಮೇಲೆ ಗೀರಿದ್ದ ಶಿಲುಬೆಯ ಒಂದು ತೋಳು ಉದ್ದ, ಒಂದು ಗಿಡ್ಡ. ಅಯ್ಯನವರು ಅದನ್ನು ಎತ್ತಿ ಮುರಿಯಲು ನೋಡಿದರು. ಮುರಿಯಲಿಲ್ಲ. ಮತ್ತೆ ನೋಡಿದರು. ಮೂರನೆಯ ಸಲ ಹೆಂಚು ಒಡೆದಂತೆ ಫಟ್ ಎಂದಿತು. ಹಾಡುವವರ ಸಾಲಿನಲ್ಲಿ ಯಾರೋ ಹುಡುಗಿ ಕಿಸಕ್ಕೆಂದಳು. ಅವಳ ಅಮ್ಮ ಗದರಿಸಲು ಹೋಗಿ ತಾನೂ ಸೆರಗು ಬಾಯಿಗೆ ಒತ್ತಿಕೊಂಡಳು.

ಬೆಚ್ಚಗಣ್ಣ ನಗಲಿಲ್ಲ. ಅದುವರೆಗೆ ಆ ಮೇಜಿನ ಮೇಲೆ ಅವರು ನೋಡುತ್ತಿದ್ದದ್ದು ತಮ್ಮ ರೊಟ್ಟಿಯನ್ನು: ಬಣ್ಣ ಸರಿ ಬಂದಿದೆಯೇ, ಒಂದು ಪಕ್ಕ ಹೆಚ್ಚು ಉಬ್ಬಿದೆಯೇ, ಬುಡ ಹಿಡಿದಿದೆಯೇ. ಹಾಡಕ್ಕ ಇದ್ದಾಗ ಕಟಾಂಜನದ ಬಳಿ ಮೊಣಕಾಲೂರಿದಾಗಲೂ ಬಾಯಿಗೆ ಬಿದ್ದ ತುಣುಕಿನಲ್ಲಿ ಅವರು ಉಪ್ಪನ್ನೇ ನೋಡುತ್ತಿದ್ದರಂತೆ. ಈ ರೊಟ್ಟಿಯಲ್ಲಿ ಅವರ ಕೈ ಇರಲಿಲ್ಲ. ತಪ್ಪು ಹುಡುಕಲು ಬೇಕಾದಷ್ಟಿತ್ತು, ಹುಡುಕುವ ಮನಸ್ಸು ಬರಲಿಲ್ಲ. ತೋಳೆತ್ತಲಾಗದ ಒಬ್ಬ ಮುದುಕರು ಬೋಗುಣಿಯ ಮುಂದೆ ಕಾಲು ಚಾಚಿ ಕುಳಿತದ್ದಷ್ಟೇ ಕಣ್ಣಿಗೆ ಕಟ್ಟಿತು. ಇಷ್ಟು ಕಾಲ ಊರಿಗೆಲ್ಲ ರೊಟ್ಟಿ ಕೊಟ್ಟದ್ದಾಗಿತ್ತು. ಇಂದು ತಾನು ಹಸಿದಿದ್ದೇನೆ ಎಂಬುದು ಅವರಿಗೆ ಆಗ ತಿಳಿಯಿತು.

ಎಲ್ಲರೂ ಹೋಗಿ ಬಂದ ಮೇಲೆ ಅವರು ಎದ್ದರು. ಹರಕು ಚಪ್ಪಲಿ ಕಲ್ಲುಹಾಸಿನ ಮೇಲೆ ಚಟ್ ಚಟ್ ಎನ್ನುತ್ತಿತ್ತು. ಮೊಣಕಾಲೂರಿ ಎರಡೂ ಅಂಗೈಗಳನ್ನು ಚಾಚಿದರು. ದೊಡ್ಡ ಪ್ರಾರ್ಥನೆಯೇನೂ ಬಾಯಿಗೆ ಬರಲಿಲ್ಲ. "ಕರ್ತನೇ, ಸುಸ್ತಾಗಿದೆ" ಎಂದರು. ಅಯ್ಯನವರು ಆ ಅಂಗೈಯಲ್ಲಿ ಒಂದು ತುಣುಕು ಇಟ್ಟರು.

ಅದು ಹಲ್ಲಿಗೆ ಬಗ್ಗಲಿಲ್ಲ. ಬಾಯಲ್ಲಿಟ್ಟುಕೊಂಡೇ ಬೆಂಚಿಗೆ ಹಿಂದಿರುಗಿದರು. ಅಷ್ಟರಲ್ಲಿ ಸಭೆ ಎದ್ದು ನಿಂತು ಹಾಡತೊಡಗಿತು. ಆ ಐದು ಚರಣದ ಕೀರ್ತನೆ. ಮೊದಲ ಚರಣಕ್ಕೆ ತುಣುಕು ಕಲ್ಲಿನಂತೆಯೇ ಇತ್ತು. ಎರಡನೆಯದಕ್ಕೆ ಅಂಚು ನೆನೆಯಿತು. ಮೂರನೆಯದಕ್ಕೆ ಸುಟ್ಟ ಕಹಿ ಬಿಟ್ಟಿತು. ನಾಲ್ಕನೆಯದಕ್ಕೆ ಅದು ಮೆತ್ತಗಾಗಿ ಎಲ್ಲಿಂದಲೋ ಗೋಧಿಯ ಒಂದು ಎಳೆ ಸಿಹಿ ಬಂತು. ಐದನೆಯದು ಮುಗಿಯುವಾಗ ಅವರು ನುಂಗಿದರು.

ನಾವೆಲ್ಲ ಆಮೆನ್ ಹೇಳಿ ಕುಳಿತೆವು. ಎಂದಿನಂತೆ ಗಂಟೆ ತಾತನ ಕೊನೆಯ ಸಾಲು ಹಿಂದಿನಿಂದ ಬರತೊಡಗಿತು. ಆದರೆ ಅಂದು ಅದು ಒಂಟಿಯಾಗಿ ಬರಲಿಲ್ಲ. ಅದರ ಪಕ್ಕದಲ್ಲಿ ಬೀಸುವ ಕಲ್ಲಿನಂಥ ಇನ್ನೊಂದು ದನಿ, ಎಡವುತ್ತಾ, ಸಾಲಿನ ಕೊನೆಯವರೆಗೂ ಬಂತು. ಯಾರೂ ತಿರುಗಿ ನೋಡಲಿಲ್ಲ. ನಾನು ನೋಡಿದೆ.

ಹೊರಗೆ ಮೆಟ್ಟಿಲ ಮೇಲೆ ತಾತ ಕಾದು ನಿಂತಿದ್ದರು.

"ಹೇಗಿತ್ತಯ್ಯ?"

"ಉಪ್ಪಿಲ್ಲ. ಯೀಸ್ಟ್ ಇಲ್ಲ. ಹೊರಗೆ ಸುಟ್ಟಿದೆ, ಒಳಗೆ ಹಸಿ."

"ಮತ್ತೆ ಯಾಕೆ ಅಳ್ತಿದ್ದೆ?"

"ಹಲ್ಲು ನೋವು."

ಸೋಮವಾರ ಬೆಚ್ಚಗಣ್ಣ ಭಟ್ಟಿಗೆ ಬೆಂಕಿ ಹಾಕಿದರು. ಅವರು ಹೇಳುತ್ತಿದ್ದಂತೆಯೇ ಒಳಗಿನ ಇಟ್ಟಿಗೆ ಬಿರುಕು ಬಿಟ್ಟಿತ್ತು. ಮಣ್ಣು ಮೆತ್ತಿದರು. ಮೊದಲ ಕೆಲವು ದಿನ ಬ್ರೆಡ್ಡು ಒಂದು ಪಕ್ಕ ಬೆಂದು ಒಂದು ಪಕ್ಕ ಹಸಿಯಾಗಿ ಬಂತು. ಆದರೂ ನಾವು ಕೊಂಡೆವು. ನಾನು ಬನ್ನಿಗಾಗಿ ನಿಂತಿದ್ದ ಒಂದು ಬೆಳಿಗ್ಗೆ ಅವರೇ ಮಾತು ತೆಗೆದರು.

"ಮೇಷ್ಟ್ರೇ, ಅವಳು ಯಾರಿಗೆ ಹಾಡಿದ್ದು ಅಂತ ಅಯ್ಯನವರನ್ನ ಕೇಳಿದ್ನಲ್ಲ? ದೇವರಿಗೆ ಹಾಡಿದ್ಲು, ಸರಿ. ಆದ್ರೆ ಹಾಡು ಬೇಕಾಗಿದ್ದು ಹಿಟ್ಟಿಗೆ ಅಂತ ನಾನು ತಿಳಿದಿದ್ದೆ. ಹಿಟ್ಟಿಗಲ್ಲ. ನಾದೋನಿಗೆ."

"ಈಗ ಹೇಗಿದ್ದೀರಣ್ಣ?"

ಅವರು ನನ್ನ ಬನ್ನನ್ನು ಕಾಗದದಲ್ಲಿ ಸುತ್ತಿದರು. "ಮನೆ ಖಾಲೀನೇ ಇದೆ. ಟೀ ಈಗಲೂ ಎರಡು ಲೋಟಕ್ಕೆ ಬಗ್ಗಿಸ್ತೀನಿ. ಆದ್ರೆ ಬೆಳಿಗ್ಗೆ ಏಳೋಕಾಗತ್ತೆ. ಅವತ್ತಿನ ಆ ತುಣುಕಿನ ಬಲದಲ್ಲೇ ಇವತ್ತಿನವರೆಗೂ ನಡೀತಿದೆ ಅಂತಿಟ್ಕೊಳ್ಳಿ." ಆಮೇಲೆ, ಬಹಳ ದಿನಗಳಿಂದ ಮೂಲೆಯಲ್ಲಿಟ್ಟಿದ್ದ ಒಂದು ಸಾಮಾನನ್ನು ಧೂಳು ಒರೆಸಿ ಹೊರತೆಗೆದಂತೆ ಹೇಳಿದರು: "ಉಗುರುಬೆಚ್ಚಗಿದೀನಿ."

ಗಡಿಯಾರ ಇಂದಿಗೂ ಗೋಡೆಯ ಮೇಲಿದೆ. ಮಾರಾಟದ ಬ್ರೆಡ್ಡಿಗೆ ಅದನ್ನು ನೋಡುತ್ತಾರೆ. ಶನಿವಾರ ಮಧ್ಯಾಹ್ನ ಮಾತ್ರ ಅದರತ್ತ ಬೆನ್ನು ತಿರುಗಿಸಿ ಮರಿಗೆಯ ಮುಂದೆ ನಿಲ್ಲುತ್ತಾರೆ. ಹಾಡಕ್ಕನ ಸ್ಟೂಲಿನ ಮೇಲೆ ಗಂಟೆ ತಾತ ಕುಳಿತಿರುತ್ತಾರೆ. ಹಿಟ್ಟಿಗೆ ಕೈ ಹಾಕಲು ಅವರಿಗೆ ಅನುಮತಿ ಇಲ್ಲ. ಬೆಚ್ಚಗಣ್ಣ ಬೀಸುವ ಕಲ್ಲಿನ ಗಂಟಲಲ್ಲಿ ಒಂದು ಚರಣ ಹಾಡಿ ಮುಗಿಸುತ್ತಾರೆ. ತಾತ ಇನ್ನೂ ಒಂದು ಸಾಲು ಹಿಂದಿರುತ್ತಾರೆ. ಮುಂದಿನ ಚರಣ ಎತ್ತಿಕೊಳ್ಳದೆ, ಹಿಟ್ಟಿನಲ್ಲಿ ಕೈ ಆಡಿಸುತ್ತಲೇ, ತಾತ ಬಂದು ಸೇರುವವರೆಗೆ ಬೆಚ್ಚಗಣ್ಣ ಕಾಯುತ್ತಾರೆ. ಹಾಗಾಗಿ ಹಿಟ್ಟನ್ನು ಹದಕ್ಕಿಂತ ಹೆಚ್ಚು ನಾದಿದಂತಾಗುತ್ತದೆ. ನಮ್ಮ ಚರ್ಚಿನ ರೊಟ್ಟಿ ಮೊದಲಿಗಿಂತ ತುಸು ಗಟ್ಟಿಯಾಗಿದೆ. ಪ್ರಾರ್ಥನೆ ಇಲ್ಲದಿದ್ದಾಗ ಯಾರಿಗೂ ಗೊತ್ತಾಗಲಿಲ್ಲ ಎಂದಿದ್ದರಲ್ಲ, ಈಗಿನ ಗಟ್ಟಿತನ ಮಾತ್ರ ಎಲ್ಲರಿಗೂ ಗೊತ್ತಾಗಿದೆ. ಹಲ್ಲಿಲ್ಲದ ಅಜ್ಜಿಯೊಬ್ಬರು ದೂರನ್ನೂ ಕೊಟ್ಟರು. ಅಯ್ಯನವರು ಕನ್ನಡಕ ಒರೆಸಿಕೊಂಡು, "ಬಾಯಲ್ಲಿ ಇಟ್ಕೊಂಡಿರಿ ಅಜ್ಜಿ. ಐದು ಚರಣಕ್ಕೆ ಸರಿಹೋಗತ್ತೆ" ಎಂದರಂತೆ.